ಫೆಲಿಕ್ಸ್ ಡಿ ಅಜಾರಾ

ಫೆಲಿಕ್ಸ್ ಡಿ ಅಜಾರಾ (1742 ಮೇ 18 – 1821 ಅಕ್ಟೋಬರ್ 20) ಸ್ಪೇನ್ ದೇಶದ ಸೈನಿಕ ಇಂಜಿನಿಯರ್, ಭೂಮಾಪಕ, ನಕಾಶೆಗಾರ ಹಾಗೂ ನಿಸರ್ಗವಿಜ್ಞಾನಿ. ದಕ್ಷಿಣ ಅಮೆರಿಕದಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ರಾಜ್ಯಗಳ ವಸಾಹತುಗಳ ನಡುವಣ ಗಡಿಯನ್ನು ಅಳೆದು ಗುರುತಿಸುವ ಕೆಲಸಕ್ಕಾಗಿ 1781ರಲ್ಲಿ ನೇಮಕಗೊಂಡ ಈತ ಸುಮಾರು 20 ವರ್ಷಗಳನ್ನು ಆ ಖಂಡದಲ್ಲಿ ಕಳೆದ. ಯಾವ ಗಡಿಯನ್ನು ಅಳೆಯಲು ಹೋಗಿದ್ದನೋ ಆ ಗಡಿಯ ಅಳತೆ ಪೂರ್ಣಗೊಳ್ಳಲೇ ಇಲ್ಲ. ಆದರೆ ಎದುರು ಪಕ್ಷದವರಿಗಾಗಿ ಕಾಯುತ್ತಿದ್ದ ಆ ದೀರ್ಘ ಕಾಲದಲ್ಲಿ ಈತ ಸ್ವಂತ ಖರ್ಚಿನಿಂದ ಸಂಚರಿಸಿ ಪರಾಗ್ವೆ ಹಾಗೂ ರಿಯೋ ಡಿ ಲಾ ಪ್ಲಾಟಾ ಪ್ರದೇಶಗಳ ನಕಾಶೆಗಳನ್ನು ರಚಿಸಿದ, ನೂರಾರು ಪ್ರಾಣಿ ಪಕ್ಷಿಗಳನ್ನು ವರ್ಣಿಸಿದ, ಭೂಹಂಚಿಕೆಯ ಬಗ್ಗೆ ಮಹತ್ವದ ವರದಿಯೊಂದನ್ನು ಬರೆದ. ಈತನ ಬರಹಗಳಲ್ಲಿ ಹಲವು ಸರ್ಕಾರಿ ದಫ್ತರಗಳಲ್ಲಿಯೂ ಖಾಸಗಿ ಸಂಗ್ರಹಗಳಲ್ಲಿಯೂ ದಶಕಗಳ ಕಾಲ ಉಳಿದು, ಈತ ತೀರಿಕೊಂಡ ಮೇಲೆಯೇ ಅಚ್ಚಾದವು.

ಬಾಲ್ಯ ಮತ್ತು ಸೈನಿಕ ಜೀವನ

ಅಜಾರಾ ಹುಟ್ಟಿದ್ದು ಸ್ಪೇನಿನ ಈಶಾನ್ಯ ಭಾಗದ ಅರಗಾನ್ ಪ್ರಾಂತದಲ್ಲಿ, ಹುಯೆಸ್ಕಾ ನಗರದ ಸಮೀಪದ ಬಾರ್ಬುನ್ಯಾಲೆಸ್ ಎಂಬ ಹಳ್ಳಿಯಲ್ಲಿ. ಮನೆತನ ಸ್ಥಿತಿವಂತವಾಗಿತ್ತು. ಈತನಿಗಿಂತ 12 ವರ್ಷ ಹಿರಿಯನಾದ ಅಣ್ಣ ಹೊಸೆ ನಿಕೊಲಾಸ್ ಡಿ ಅಜಾರಾ ಮುಂದೆ ರೋಮ್ ಮತ್ತು ಪ್ಯಾರಿಸ್ ನಗರಗಳಲ್ಲಿ ಸ್ಪೇನಿನ ರಾಯಭಾರಿಯಾಗಿ, ಕಲಾಪೋಷಕನಾಗಿ ಯುರೋಪಿನಲ್ಲೆಲ್ಲ ಹೆಸರು ಮಾಡಿದ. ಅಣ್ಣ 1765ರಿಂದ ರೋಮ್‌ನಲ್ಲಿಯೇ ನೆಲೆಸಿದ್ದರಿಂದ ಅಣ್ಣತಮ್ಮಂದಿರು ಜೀವನದ ಬಹುಭಾಗ ಒಬ್ಬರನ್ನೊಬ್ಬರು ಕಾಣದೆಯೇ ಕಳೆದರು. ಈ ಅಣ್ಣನ ಪ್ರಭಾವ ತಮ್ಮನ ಗ್ರಂಥಗಳ ಪ್ರಕಟಣೆಯಲ್ಲಿ ಮುಂದೆ ಕಾಣಿಸಿಕೊಳ್ಳುತ್ತದೆ.

ಹುಯೆಸ್ಕಾ ವಿಶ್ವವಿದ್ಯಾಲಯದಲ್ಲಿ ಓದಿದ ಬಳಿಕ ಫೆಲಿಕ್ಸ್ 1764ರಲ್ಲಿ ಕಾಲಾಳುಪಡೆಯನ್ನು ಸೇರಿದ. ಅನಂತರ ಬಾರ್ಸಿಲೋನಾದ ಸೈನಿಕ ಗಣಿತ ಶಾಲೆಯಲ್ಲಿ ತರಬೇತಿ ಪಡೆದು 1767ರಲ್ಲಿ ಇಂಜಿನಿಯರ್ ಅಧಿಕಾರಿಯಾದ. ಆ ಕಾಲದ ಸೈನಿಕ ಇಂಜಿನಿಯರ್ ಎಂದರೆ ಕೋಟೆ ಕಟ್ಟುವವನಷ್ಟೇ ಅಲ್ಲ. ನದಿಗಳ ಪಾತ್ರವನ್ನು ಸರಿಪಡಿಸುವುದು, ರಸ್ತೆ ಸೇತುವೆಗಳ ಯೋಜನೆ ಹಾಕುವುದು, ಭೂಮಿಯನ್ನು ಅಳೆದು ನಕಾಶೆ ಬರೆಯುವುದು ಇವೆಲ್ಲವೂ ಅವನ ಪಾಲಿನ ಕೆಲಸಗಳು. ಅಜಾರಾ ಇವನ್ನೆಲ್ಲ ಕಲಿತದ್ದು ಸ್ಪೇನಿನ ನೆಲದ ಮೇಲೆಯೇ.

1775ರಲ್ಲಿ ಉತ್ತರ ಆಫ್ರಿಕದ ಅಲ್ಜೀರ್ಸ್ ನಗರದ ಮೇಲೆ ಸ್ಪೇನ್ ನಡೆಸಿದ ದಂಡಯಾತ್ರೆ ದೊಡ್ಡ ಸೋಲಿನಲ್ಲಿ ಕೊನೆಗೊಂಡಿತು. ದಡದಲ್ಲಿ ಇಳಿದವರ ಪೈಕಿ ಅಜಾರಾ ಎದೆಗೆ ಗುಂಡು ತಗುಲಿ ಬಿದ್ದ. ಸತ್ತನೆಂದೇ ಜೊತೆಯವರು ತಿಳಿದಿದ್ದರು. ಹೇಗೋ ಬದುಕಿ ಉಳಿದನಾದರೂ ಗಾಯ ಮಾಯಲು ವರ್ಷಗಳೇ ಬೇಕಾದವು. ಪಕ್ಕೆಲುಬಿನ ಒಂದು ಭಾಗವನ್ನು ಕಳೆದುಕೊಂಡ. ಈತನ ಶರೀರಪ್ರಕೃತಿಯ ಬಗ್ಗೆ ಇನ್ನೊಂದು ಸಂಗತಿ ಚರಿತ್ರಕಾರರ ಗಮನ ಸೆಳೆದಿದೆ. ಹೊಟ್ಟೆಯ ತೊಂದರೆಯಿಂದ ನರಳುತ್ತಿದ್ದ ಈತ ವೈದ್ಯನ ಸಲಹೆಯಂತೆ ಗೋಧಿ ರೊಟ್ಟಿಯನ್ನು ಸಂಪೂರ್ಣವಾಗಿ ಬಿಟ್ಟ. ಅಲ್ಲಿಂದ ಮುಂದೆ ಅದನ್ನು ಮುಟ್ಟಲಿಲ್ಲ, ಆರೋಗ್ಯವೂ ಸುಧಾರಿಸಿತು. ಗೋಧಿಯ ಅಂಟುಪದಾರ್ಥವನ್ನು ಸಹಿಸದ ಸೀಲಿಯಾಕ್ ರೋಗ ಈತನಿಗೆ ಇದ್ದಿರಬಹುದೆಂದು ಇಂದಿನ ಕೆಲವರು ಊಹಿಸುತ್ತಾರೆ. ಗೋಧಿ ಅಪರೂಪವಾಗಿದ್ದು, ಮಾಂಸ ಹೇರಳವಾಗಿದ್ದ ನಾಡಿನಲ್ಲಿ 20 ವರ್ಷ ಅಲೆಯಬೇಕಾಗಿದ್ದ ಮನುಷ್ಯನಿಗೆ ಇದು ಒಂದು ಬಗೆಯ ಅನುಕೂಲವೇ ಆಯಿತೆನ್ನಬೇಕು.

ಗಡಿ ತಕರಾರಿನ ಹಿನ್ನೆಲೆ

ಅಜಾರಾನ ಜೀವನದ ಮುಖ್ಯ ಭಾಗ ಅರ್ಥವಾಗಬೇಕಾದರೆ ಎರಡು ರಾಜ್ಯಗಳ ನಡುವಣ ಹಳೆಯ ವ್ಯಾಜ್ಯವನ್ನು ಸ್ವಲ್ಪ ತಿಳಿಯಬೇಕು. 1494ರ ಟೊರ್ಡೆಸಿಯಾಸ್ ಒಪ್ಪಂದದ ಪ್ರಕಾರ ಕೇಪ್ ವರ್ಡ್ ದ್ವೀಪಗಳಿಗೆ 370 ಲೀಗ್ ಪಶ್ಚಿಮದಲ್ಲಿ ಉತ್ತರ ದಕ್ಷಿಣವಾಗಿ ಎಳೆದ ಒಂದು ಗೆರೆಯ ಆಚೆಗಿನದು ಸ್ಪೇನಿಗೆ, ಈಚೆಗಿನದು ಪೋರ್ಚುಗಲ್‌ಗೆ ಎಂದಾಯಿತು. ರೇಖಾಂಶವನ್ನು ಕರಾರುವಾಕ್ಕಾಗಿ ಅಳೆಯುವ ಉಪಾಯವೇ ಆಗ ಇರಲಿಲ್ಲವಾದ್ದರಿಂದ ಆ ಗೆರೆ ಕಾಗದದ ಮೇಲೆಯೇ ಉಳಿಯಿತು. ಪೋರ್ಚುಗೀಸರು ಬ್ರೆಜಿಲ್‌ನಿಂದ ಪಶ್ಚಿಮಕ್ಕೆ ಬಹುದೂರ ಒತ್ತಿಕೊಂಡು ಬಂದರು. 1750ರ ಮ್ಯಾಡ್ರಿಡ್ ಒಪ್ಪಂದ ಇದನ್ನು ಸರಿಪಡಿಸಲು ಹೊರಟು, ಉರುಗ್ವೆ ನದಿಯ ಪೂರ್ವಕ್ಕಿದ್ದ ಏಳು ಗ್ವಾರಾನಿ ಮಿಷನ್ ಊರುಗಳನ್ನು ಪೋರ್ಚುಗಲ್‌ಗೆ ಬಿಟ್ಟುಕೊಡಲು ಒಪ್ಪಿತು. ತಮ್ಮ ನೆಲ ಬಿಡಲು ಒಪ್ಪದ ಗ್ವಾರಾನಿ ಜನ 1754ರಿಂದ 1756ರವರೆಗೆ ಎರಡೂ ಸೇನೆಗಳೊಡನೆ ಹೋರಾಡಿ ಸೋತರು. 1761ರಲ್ಲಿ ಆ ಒಪ್ಪಂದವೇ ರದ್ದಾಯಿತು. ಕೊನೆಗೆ 1777ರಲ್ಲಿ ಸಾನ್ ಇಲ್ಡೆಫೋನ್ಸೊ ಒಪ್ಪಂದವಾಗಿ, ಎರಡೂ ಕಡೆಯ ಭೂಮಾಪಕರು ಸ್ಥಳಕ್ಕೆ ಹೋಗಿ ಕೂಡಿಯೇ ಗಡಿಯನ್ನು ಅಳೆದು ಗುರುತುಕಲ್ಲು ನೆಡಬೇಕೆಂದು ತೀರ್ಮಾನವಾಯಿತು.

ಈ ಕೆಲಸಕ್ಕೆ ಸ್ಪೇನ್ ಆರಿಸಿದ ಅಧಿಕಾರಿಗಳಲ್ಲಿ ಅಜಾರಾ ಒಬ್ಬ. 1781ರಲ್ಲಿ ಆದೇಶ ಬಂದಾಗ ಈತ ಸಾನ್ ಸೆಬಾಸ್ಟಿಯನ್ ನಗರದಲ್ಲಿದ್ದ. ಕೂಡಲೇ ಲಿಸ್ಬನ್ನಿಗೆ ಹೊರಟು, ಆಗ ಸ್ಪೇನಿಗೂ ಇಂಗ್ಲೆಂಡಿಗೂ ಯುದ್ಧ ನಡೆಯುತ್ತಿದ್ದುದರಿಂದ ಪೋರ್ಚುಗೀಸ್ ಹಡಗಿನಲ್ಲಿ ಸಮುದ್ರ ದಾಟಿದ. ಗಡಿ ಅಧಿಕಾರಿಗಳು ನೌಕಾಪಡೆಯವರಾಗಿರಬೇಕೆಂದು ಅರಸ ಇಚ್ಛಿಸಿದ್ದರಿಂದ ಭೂಸೇನೆಯ ಈ ಇಂಜಿನಿಯರ್ ದಾರಿಯಲ್ಲಿಯೇ ನೌಕಾಪಡೆಯ ಕ್ಯಾಪ್ಟನ್ ದರ್ಜೆಗೆ ಬದಲಾದ. ಹೊಸೆ ವರೇಲಾ ಇ ಉಲ್ಲೋವಾ ಇಡೀ ಆಯೋಗದ ಮುಖ್ಯಸ್ಥ. ಅದರ ತಂಡಗಳಲ್ಲಿ ಎರಡನೆಯದಕ್ಕೆ ಡಿಯೆಗೊ ಡಿ ಆಲ್ವಿಯಾರ್, ಮೂರನೆಯದಕ್ಕೆ ಅಜಾರಾ, ನಾಲ್ಕನೆಯದಕ್ಕೆ ಹುವಾನ್ ಫ್ರಾನ್ಸಿಸ್ಕೊ ಅಗಿರೆ ಮುಂದಾಳುಗಳಾದರು.

ಅಸುನ್ಸಿಯೋನ್ ನಗರದಲ್ಲಿ

1784ರ ಆರಂಭದಲ್ಲಿ ಅಜಾರಾ ಪರಾಗ್ವೆಯ ಮುಖ್ಯ ಪಟ್ಟಣವಾದ ಅಸುನ್ಸಿಯೋನ್ ತಲುಪಿದ. ಬ್ಯೂನಸ್ ಐರಿಸ್‌ನಿಂದ ಅಲ್ಲಿಗೆ ನದಿಯ ಮೇಲೆ ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿ. ಪೋರ್ಚುಗೀಸ್ ತಂಡ ಬೇಗನೆ ಬಂದು ಸೇರುವುದೆಂದು ತಿಳಿಸಲಾಗಿತ್ತು. ಅದು ಬರಲಿಲ್ಲ. ತಿಂಗಳುಗಳು ಕಳೆದವು, ವರ್ಷಗಳು ಕಳೆದವು. ಗಡಿ ಗುರುತಿಸದೆ ಇದ್ದಷ್ಟು ದಿನವೂ ತಾವು ಆಕ್ರಮಿಸಿದ ನೆಲ ತಮ್ಮಲ್ಲಿಯೇ ಉಳಿಯುತ್ತದೆಂಬುದು ಪೋರ್ಚುಗೀಸರ ಲೆಕ್ಕವಾಗಿತ್ತೆಂದು ಅಜಾರಾ ಬೇಗನೆ ಅರಿತ. ಪರಾಗ್ವೆ ನದಿಯ ಪಶ್ಚಿಮ ದಂಡೆಯಲ್ಲಿ ಅವರು ಕಟ್ಟಿದ್ದ ಕೋಯಿಂಬ್ರಾ ಮತ್ತು ಆಲ್ಬುಕರ್ಕ್ ಠಾಣೆಗಳು ಒಪ್ಪಂದಕ್ಕೆ ವಿರುದ್ಧವೆಂದು ವೈಸರಾಯ್‌ಗೆ ಬರೆದ. ಇದಕ್ಕೆ ಪ್ರತಿಯಾಗಿ ಸ್ಪೇನ್ ಪಕ್ಷದವರು 1792ರಲ್ಲಿ ಬೊರ್ಬೋನ್ ಕೋಟೆಯನ್ನು ಕಟ್ಟಿದರು. ಅದೇ ಇಂದಿನ ಫ್ಯುಯೆರ್ಟೆ ಒಲಿಂಪೊ.

ತೊಡಕು ಪೋರ್ಚುಗೀಸರ ನಿಧಾನದಲ್ಲಿ ಮಾತ್ರ ಇರಲಿಲ್ಲ. ಒಪ್ಪಂದದ ಬರಹದಲ್ಲಿಯೇ ಒಂದು ದೋಷವಿತ್ತು. ಗಡಿಯು ಇಗುರೆ ಮತ್ತು ಕೊರಿಯೆಂಟೆಸ್ ಎಂಬ ನದಿಗಳನ್ನು ಅನುಸರಿಸಬೇಕೆಂದು ಅದರಲ್ಲಿ ಬರೆದಿತ್ತು. ಆ ಹೆಸರಿನ ನದಿಗಳು ಯಾವುವೆಂದು ಸ್ಥಳದಲ್ಲಿ ಯಾರೂ ಖಚಿತವಾಗಿ ತೋರಿಸಲಾರರು! ಯುರೋಪಿನ ಅರಮನೆಗಳಲ್ಲಿ ಹಳೆಯ ನಕಾಶೆ ನೋಡಿ ಬರೆದ ಒಪ್ಪಂದಗಳ ಗತಿ ಹೀಗೆಯೇ. ಇಗುರೆ ಎಂದರೆ ಉತ್ತರದ ಒಂದು ನದಿಯೆಂದು ಅಜಾರಾ ವಾದಿಸಿದರೆ, ಪೋರ್ಚುಗೀಸರು ತಮಗೆ ಹೆಚ್ಚು ನೆಲ ದೊರೆಯುವಂತೆ ದಕ್ಷಿಣದ ನದಿಯನ್ನು ತೋರಿಸಿದರು. ಒಂದು ಹೆಸರಿನ ಅರ್ಥ ಬದಲಾದರೆ ಸಾವಿರಾರು ಚದರ ಕಿಲೋಮೀಟರ್ ನೆಲ, ಅದರಲ್ಲಿನ ಕಾಡು ಮತ್ತು ಜನ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುತ್ತಿದ್ದವು.

ಸುಮ್ಮನೆ ಕೂರಲಾರದೆ ಅಜಾರಾ ಇಡೀ ನಾಡಿನ ನಕಾಶೆಯನ್ನು ತಾನೇ ಬರೆಯಲು ನಿರ್ಧರಿಸಿದ. ಇದಕ್ಕೆ ಮೇಲಿನ ಅಧಿಕಾರಿಗಳ ಆದೇಶವಿರಲಿಲ್ಲ, ಹಣವೂ ಇರಲಿಲ್ಲ. ಸಂಬಳದ ಹಣವನ್ನೇ ಹಾಕಿ 1784ರಿಂದ ಒಂದರ ಮೇಲೊಂದು ಪ್ರವಾಸ ಕೈಗೊಂಡ. ತಂಡದ ಇಂಜಿನಿಯರ್ ಪೆಡ್ರೊ ಸೆರ್ವಿನ್ಯೊ ಮೊದಲಾದವರು ಇದಕ್ಕೆ ನೆರವಾದರು.

ಅಳತೆಯ ಕ್ರಮ

ಈತನ ಪ್ರವಾಸಗಳ ಕ್ರಮವನ್ನು ಈತನೇ ವಿವರವಾಗಿ ಬರೆದಿಟ್ಟಿದ್ದಾನೆ. ಜನವಸತಿಯಿಲ್ಲದ ಬಯಲಿಗೆ ಹೊರಡುವಾಗ ಒಬ್ಬೊಬ್ಬರಿಗೂ ಹಲವು ಕುದುರೆಗಳು ಬೇಕು. ದಣಿದ ಕುದುರೆಯನ್ನು ಬಿಟ್ಟು ಇನ್ನೊಂದನ್ನು ಏರಬೇಕು. ಮೂಲನಿವಾಸಿಗಳಿಗೆ ಉಡುಗೊರೆ ಕೊಡಲು ಗಾಜಿನ ಮಣಿ, ಚಾಕು, ಬ್ರಾಂದಿ ಮುಂತಾದವನ್ನು ಒಯ್ಯುತ್ತಿದ್ದ. ಸ್ವಂತದ ಗಂಟು ಬಹಳ ಚಿಕ್ಕದು: ಒಂದಿಷ್ಟು ಬಟ್ಟೆ, ಕಾಫಿ, ಉಪ್ಪು. ಜೊತೆಗಾರರಿಗೆ ತಂಬಾಕು ಮತ್ತು ಆ ನಾಡಿನವರು ಚಹಾದಂತೆ ಕುಡಿಯುವ ಮಾಟೆ ಎಲೆ. ಬೆಳಗಾಗುವ ಮೊದಲೇ ಹೊರಡುವುದು, ನೀರಿರುವ ಕಡೆ ಬಿಡಾರ ಹೂಡುವುದು. ಬಿಡಾರ ಹೂಡುವ ಜಾಗದ ಹುಲ್ಲಿನಲ್ಲಿ ವಿಷದ ಹಾವುಗಳಿರುತ್ತಿದ್ದುದರಿಂದ ಮೊದಲು ಕುದುರೆಗಳನ್ನು ಓಡಾಡಿಸಿ ಅವನ್ನು ಚದುರಿಸುತ್ತಿದ್ದರು.

ಅಳತೆಯ ಉಪಕರಣಗಳು ಕೆಲವೇ. ಸೂರ್ಯ ಅಥವಾ ನಕ್ಷತ್ರದ ಎತ್ತರವನ್ನು ಅಳೆಯುವ ಪ್ರತಿಫಲನ ಉಪಕರಣ, ಬಯಲಿನಲ್ಲಿ ಸಮುದ್ರದ ದಿಗಂತ ಕಾಣಿಸದಾದ್ದರಿಂದ ಅದರ ಬದಲು ಬಳಸುವ ಕೃತಕ ದಿಗಂತ, ದಿಕ್ಕನ್ನು ನೋಡಲು ದಿಕ್ಸೂಚಿ. ನಡುಹಗಲಿನಲ್ಲಿ ಸೂರ್ಯನಿಂದ, ರಾತ್ರಿ ನಕ್ಷತ್ರಗಳಿಂದ ದಿನವೂ ಅಕ್ಷಾಂಶವನ್ನು ಕಂಡುಕೊಳ್ಳುತ್ತಿದ್ದ. ಒಂದು ಊರಿನಿಂದ ಇನ್ನೊಂದು ಊರಿನ ಅಥವಾ ಗುಡ್ಡದ ದಿಕ್ಕನ್ನು ಗುರುತಿಸಿ, ಎರಡರ ಅಕ್ಷಾಂಶದ ವ್ಯತ್ಯಾಸದಿಂದ ದೂರವನ್ನು ಲೆಕ್ಕ ಹಾಕುತ್ತಿದ್ದ. ಪೂರ್ವ ಪಶ್ಚಿಮದ ಅಳತೆಗಿಂತ ಉತ್ತರ ದಕ್ಷಿಣದ ಅಳತೆ ಹೆಚ್ಚು ನಂಬತಕ್ಕದ್ದೆಂಬುದನ್ನು ಬಲ್ಲ ಭೂಮಾಪಕನ ಕ್ರಮ ಇದು. ತಾನು ಕಣ್ಣಾರೆ ನೋಡಿದ ಸ್ಥಳ ಯಾವುದು, ಬೇರೆಯವರ ಮಾತಿನ ಮೇಲೆ ಬರೆದದ್ದು ಯಾವುದು ಎಂಬ ಭೇದವನ್ನು ಈತ ಎಲ್ಲಿಯೂ ಬಿಡಲಿಲ್ಲ.

ಇದರ ಫಲವಾಗಿ ಹಳೆಯ ನಕಾಶೆಗಳ ಹಲವು ತಪ್ಪುಗಳು ತಿದ್ದಲ್ಪಟ್ಟವು. ಅವುಗಳಲ್ಲಿ ಹೆಸರಾದದ್ದು ಷರಾಯೆಸ್ ಸರೋವರದ ಸಂಗತಿ. ಪರಾಗ್ವೆ ನದಿ ಒಂದು ಮಹಾ ಸರೋವರದಲ್ಲಿ ಹುಟ್ಟುತ್ತದೆಂದು ಎರಡು ಶತಮಾನಗಳಿಂದ ಯುರೋಪಿನ ನಕಾಶೆಗಾರರು ಬರೆಯುತ್ತ ಬಂದಿದ್ದರು. ಅದು ಶಾಶ್ವತ ಸರೋವರವೇ ಅಲ್ಲ, ಮಳೆಗಾಲದಲ್ಲಿ ನದಿ ಉಕ್ಕಿ ಬಯಲನ್ನು ಆವರಿಸುವ ಪ್ರವಾಹ. ಬೇಸಗೆಯಲ್ಲಿ ಇಳಿದುಹೋಗುತ್ತದೆ ಎಂದು ಅಜಾರಾ ವಿವರಿಸಿದ. ಇಂದು ಪಂತನಾಲ್ ಎಂದು ಪ್ರಸಿದ್ಧವಾದ ಜೌಗು ಪ್ರದೇಶವೇ ಅದು.

1790ರ ವೇಳೆಗೆ ಪರಾಗ್ವೆ ಮತ್ತು ಮಿಷನ್ ಊರುಗಳ ಭೂಗೋಳವನ್ನು ಈತ ಬರೆದು ಮುಗಿಸಿದ್ದ. ಅಸುನ್ಸಿಯೋನ್ ನಗರಸಭೆ ಈತನಿಂದ ಪ್ರಾಂತದ ನಕಾಶೆ ಮತ್ತು ವಿವರಣೆಯನ್ನು ಕೇಳಿ 1793ರಲ್ಲಿ ಪಡೆದುಕೊಂಡು ಈತನನ್ನು ಗೌರವಿಸಿತು. ಆದರೆ ಪ್ರಾಂತದ ಗವರ್ನರ್ ಹೊವಾಕಿನ್ ಆಲೋಸ್‌ನೊಡನೆ ಈತನ ಸಂಬಂಧ ಕೆಟ್ಟೇ ಇತ್ತು.

ಪ್ರಾಣಿ ಪಕ್ಷಿಗಳ ಅಧ್ಯಯನ

ಅಜಾರಾ ನಿಸರ್ಗಶಾಸ್ತ್ರವನ್ನು ಎಲ್ಲಿಯೂ ಕಲಿತವನಲ್ಲ. ದಾರಿಯಲ್ಲಿ ಕಂಡ ಹಕ್ಕಿಗಳನ್ನೂ ಪ್ರಾಣಿಗಳನ್ನೂ ಗಮನಿಸುವುದು ಮೊದಲು ಬೇಸರ ಕಳೆಯುವ ಹವ್ಯಾಸವಾಗಿದ್ದು, ಕ್ರಮೇಣ ನಕಾಶೆಯಷ್ಟೇ ಮುಖ್ಯವಾದ ಉದ್ಯೋಗವಾಯಿತು. ಮೊದಲಿಗೆ ಸತ್ತ ಹಕ್ಕಿಗಳನ್ನು ಮದ್ಯಸಾರದಲ್ಲಿ ಹಾಕಿ ಮ್ಯಾಡ್ರಿಡ್‌ನ ರಾಜಸಂಗ್ರಹಾಲಯಕ್ಕೆ ಕಳುಹಿಸಿದ. ದೀರ್ಘ ಪ್ರಯಾಣದಲ್ಲಿ ಮಾದರಿಗಳು ಕೆಡುವುದನ್ನು ಕಂಡು ಬೇರೆ ದಾರಿ ಹಿಡಿದ: ಪ್ರತಿಯೊಂದು ಪ್ರಾಣಿಯನ್ನೂ ಕೈಯಲ್ಲಿ ಹಿಡಿದು ಉದ್ದ, ಅಗಲ, ರೆಕ್ಕೆಯ ಗರಿಗಳ ಸಂಖ್ಯೆ, ಬಣ್ಣ, ನಡೆನುಡಿ ಎಲ್ಲವನ್ನೂ ಬರಹದಲ್ಲಿ ಇಳಿಸುವುದು. ಹೊಲವನ್ನು ಅಳೆಯುವವನು ಹಕ್ಕಿಯನ್ನೂ ಹಾಗೆಯೇ ಅಳೆದ. ಸಾನ್ ಇಗ್ನಾಸಿಯೊ ಗ್ವಾಸು ಊರಿನ ಪಾದ್ರಿ ಪೆಡ್ರೊ ಬ್ಲಾಸ್ ನೊಸೆಡಾ ಎಂಬಾತ ತನ್ನ ಊರಿನ ಸುತ್ತಲಿನ ಹಕ್ಕಿಗಳನ್ನು ಗಮನಿಸಿ ಟಿಪ್ಪಣಿಗಳನ್ನು ಕಳುಹಿಸುತ್ತಿದ್ದ. ಆತನ ಋಣವನ್ನು ಅಜಾರಾ ಗ್ರಂಥದಲ್ಲಿ ಮತ್ತೆ ಮತ್ತೆ ಸ್ಮರಿಸಿದ್ದಾನೆ.

ಬಹುಕಾಲ ಈತನ ಬಳಿ ಒಂದು ಪ್ರಾಣಿಶಾಸ್ತ್ರದ ಪುಸ್ತಕವೂ ಇರಲಿಲ್ಲ. ಫ್ರೆಂಚ್ ವಿಜ್ಞಾನಿ ಬುಫೋನ್‌ನ ಪ್ರಸಿದ್ಧ ಗ್ರಂಥದ ಸ್ಪ್ಯಾನಿಷ್ ಅನುವಾದ ಕೈಗೆ ಬಂದಾಗ, ತಾನು ವರ್ಷಗಟ್ಟಲೆ ನೋಡಿದ ಪ್ರಾಣಿಗಳ ಬಗ್ಗೆ ಪ್ಯಾರಿಸ್ ಬಿಟ್ಟು ಕದಲದ ಪಂಡಿತ ಬರೆದ ತಪ್ಪುಗಳನ್ನು ಕಂಡು ಅಜಾರಾ ಕೆರಳಿದ. ಅಮೆರಿಕದ ಪ್ರಾಣಿಗಳು ಹಳೆಯ ಖಂಡದ ಪ್ರಾಣಿಗಳ ಕ್ಷೀಣಿಸಿದ ರೂಪಗಳೆಂಬ ಬುಫೋನ್‌ನ ವಾದವನ್ನು ಒಪ್ಪಲಿಲ್ಲ. ಖಂಡನೆಯಲ್ಲಿ ಕೆಲವೆಡೆ ಈತನೂ ಅತಿಗೆ ಹೋದದ್ದುಂಟು. ಎರಡು ಬೇರೆ ಪ್ರಾಣಿಗಳನ್ನು ಒಂದೆಂದು ತಿಳಿದು ಬುಫೋನ್‌ನನ್ನು ದೂಷಿಸಿದ ಸಂದರ್ಭಗಳೂ ಇವೆ.

ಹಕ್ಕಿಗಳ ಗ್ರಂಥದಲ್ಲಿ 448 ಬಗೆಗಳ ವರ್ಣನೆಯಿದೆ. ಒಂದೇ ಜಾತಿಯ ಗಂಡು, ಹೆಣ್ಣು, ಮರಿಗಳನ್ನು ಬೇರೆ ಬೇರೆಯಾಗಿ ಎಣಿಸಿದ ಕಡೆಗಳೂ ಇದರಲ್ಲಿ ಇರುವುದರಿಂದ ನಿಜವಾದ ಜಾತಿಗಳ ಸಂಖ್ಯೆ ಸ್ವಲ್ಪ ಕಡಿಮೆ. ಹಾಗಿದ್ದರೂ ಅವುಗಳಲ್ಲಿ ಬಹಳಷ್ಟು ವಿಜ್ಞಾನಕ್ಕೆ ಹೊಸವು. ಆದರೆ ಲಿನೇಯಸ್‌ನ ಪದ್ಧತಿಯಂತೆ ಲ್ಯಾಟಿನ್ ಹೆಸರು ಕೊಡದೆ, ಗ್ವಾರಾನಿ ಜನ ಕರೆಯುವ ಹೆಸರುಗಳನ್ನೋ ತಾನೇ ಕೊಟ್ಟ ಸ್ಪ್ಯಾನಿಷ್ ಹೆಸರುಗಳನ್ನೋ ಅಜಾರಾ ಬಳಸಿದ. ಇದರಿಂದಾದ ನಷ್ಟ ಸಣ್ಣದಲ್ಲ. ಮುಂದೆ ಫ್ರಾನ್ಸಿನ ವಿಯೆಯೊ ಮೊದಲಾದ ವಿಜ್ಞಾನಿಗಳು ಈತನ ವರ್ಣನೆಗಳನ್ನೇ ಆಧರಿಸಿ ಲ್ಯಾಟಿನ್ ಹೆಸರುಗಳನ್ನು ಕೊಟ್ಟರು. ನಿಯಮದಂತೆ ಆ ಹಕ್ಕಿಗಳ ಹೆಸರಿನ ಮುಂದೆ ಇಂದಿಗೂ ಬರುವುದು ಅವುಗಳನ್ನು ಕಾಡಿನಲ್ಲಿ ಕಂಡವನ ಹೆಸರಲ್ಲ, ಪ್ಯಾರಿಸ್ಸಿನಲ್ಲಿ ಕುಳಿತು ಹೆಸರಿಟ್ಟವರ ಹೆಸರು.

ಸಾಕುಪ್ರಾಣಿಗಳ ಬಗ್ಗೆಯೂ ಈತ ಬರೆದದ್ದು ಗಮನಾರ್ಹ. 1770ರಲ್ಲಿ ಕೊರಿಯೆಂಟೆಸ್ ಪ್ರಾಂತದಲ್ಲಿ ಕೊಂಬಿಲ್ಲದ ಹೋರಿಯೊಂದು ಹುಟ್ಟಿ, ಅದರ ಸಂತತಿಯೂ ಕೊಂಬಿಲ್ಲದೆ ಬೆಳೆದದ್ದನ್ನು ದಾಖಲಿಸಿದ. ದಕ್ಷಿಣಕ್ಕೂ ಉತ್ತರಕ್ಕೂ ಕಾಡುಬಿದ್ದ ದನ ಕುದುರೆಗಳ ಹಿಂಡುಗಳಿದ್ದರೂ ಪರಾಗ್ವೆಯಲ್ಲಿ ಮಾತ್ರ ಇಲ್ಲದಿರುವುದಕ್ಕೆ, ಹುಟ್ಟಿದ ಮರಿಗಳ ಹೊಕ್ಕುಳಲ್ಲಿ ಮೊಟ್ಟೆಯಿಡುವ ಒಂದು ಬಗೆಯ ನೊಣವೇ ಕಾರಣವೆಂದು ತೋರಿಸಿದ. ಚಾರ್ಲ್ಸ್ ಡಾರ್ವಿನ್ ಈ ನೊಣದ ಸಂಗತಿಯನ್ನು ಜೀವಜಾತಿಗಳ ಉಗಮವನ್ನು ಕುರಿತ ತನ್ನ ಗ್ರಂಥದಲ್ಲಿ ಅಜಾರಾನ ಹೆಸರು ಹೇಳಿಯೇ ಬಳಸಿಕೊಂಡಿದ್ದಾನೆ. ಬೀಗಲ್ ಹಡಗಿನ ಪ್ರವಾಸಕಥನದಲ್ಲಿಯೂ ಅಜಾರಾನ ಉಲ್ಲೇಖಗಳು ಹಲವು.

ಮೂಲನಿವಾಸಿಗಳನ್ನು ಕುರಿತು

ಪಾಯಾಗ್ವಾ, ಎಂಬಾಯಾ, ಗ್ವಾನಾ, ಚರೂವಾ, ಗ್ವಾರಾನಿ ಮೊದಲಾದ ಜನಾಂಗಗಳ ಬದುಕಿನ ಬಗ್ಗೆ ಅಜಾರಾ ಬರೆದ ಭಾಗಗಳು ಇಂದು ಎಚ್ಚರದಿಂದ ಓದಬೇಕಾದವು. ಅವರ ಉಡುಗೆ, ಬೇಟೆ, ದೋಣಿ, ಆಯುಧಗಳ ವರ್ಣನೆ ನಿಖರವಾಗಿದೆ. ಅವುಗಳಲ್ಲಿ ಕೆಲವು ಜನಾಂಗಗಳು ಆಮೇಲೆ ನಶಿಸಿದ್ದರಿಂದ ಆ ವಿವರಗಳಿಗೆ ಬೆಲೆಯೂ ಇದೆ. ಆದರೆ ಅವರ ನಂಬಿಕೆ, ಬುದ್ಧಿಶಕ್ತಿಗಳ ಬಗ್ಗೆ ಕೊಟ್ಟ ತೀರ್ಪುಗಳು ವಸಾಹತು ಅಧಿಕಾರಿಯ ತೀರ್ಪುಗಳೇ. ಜೆಸ್ಯೂಟ್ ಪಾದ್ರಿಗಳು ಗ್ವಾರಾನಿ ಊರುಗಳಲ್ಲಿ ನಡೆಸಿದ್ದ ಸಾಮುದಾಯಿಕ ಬೇಸಾಯವನ್ನು ಈತ ಕಟುವಾಗಿ ಟೀಕಿಸಿದ. ಪ್ರತಿಯೊಬ್ಬನಿಗೂ ಸ್ವಂತ ಹೊಲ, ಸ್ವಂತ ದುಡಿಮೆಯ ಫಲ ಇರಬೇಕೆಂಬುದು ಈತನ ಖಚಿತ ಅಭಿಪ್ರಾಯವಾಗಿತ್ತು.

ಬಟೊವಿ ಮತ್ತು ಭೂಹಂಚಿಕೆ

1796ರಲ್ಲಿ ಅಜಾರಾ ಪರಾಗ್ವೆಯನ್ನು ಬಿಟ್ಟು ಬ್ಯೂನಸ್ ಐರಿಸ್‌ಗೆ ಬಂದ. ವೈಸರಾಯ್ ಪೆಡ್ರೊ ಮೆಲೊ ಆ ವರ್ಷವೇ ದಕ್ಷಿಣದ ಪಂಪಾಸ್ ಬಯಲಿನ ಗಡಿಠಾಣೆಗಳನ್ನು ನೋಡಿ ವರದಿ ಕೊಡುವ ಕೆಲಸವನ್ನು ಈತನಿಗೆ ಒಪ್ಪಿಸಿದ. 1800ರಲ್ಲಿ ಅಂದಿನ ವೈಸರಾಯ್ ಅವಿಲೆಸ್ ಮಾರ್ಕ್ವಿಸ್ ಇನ್ನೂ ಕಷ್ಟದ ಕೆಲಸವೊಂದನ್ನು ಕೊಟ್ಟ. ಪೋರ್ಚುಗೀಸರು ಒತ್ತಿಬರುತ್ತಿದ್ದ ಪೂರ್ವದ ಗಡಿಯಲ್ಲಿ ಹೊಸ ಊರುಗಳನ್ನು ಕಟ್ಟಿ ಜನರನ್ನು ನೆಲೆಗೊಳಿಸಬೇಕಾಗಿತ್ತು. ಪ್ಯಾಟಗೋನಿಯಾದಲ್ಲಿ ವಸಾಹತು ಮಾಡಲೆಂದು ಸ್ಪೇನಿನಿಂದ ಕರೆತಂದಿದ್ದ ಕುಟುಂಬಗಳು ಆ ಯೋಜನೆ ಸೋತ ಮೇಲೆ ವರ್ಷಗಟ್ಟಲೆ ಸರ್ಕಾರದ ಖರ್ಚಿನಲ್ಲಿ ಕಾಲ ಹಾಕುತ್ತಿದ್ದವು. ಅವರಿಗೂ ನೆಲವಿಲ್ಲದ ಸ್ಥಳೀಯರಿಗೂ ಜಮೀನು ಕೊಡುವುದೆಂದು ನಿಶ್ಚಯವಾಯಿತು.

ಆ ವರ್ಷದ ನವೆಂಬರಿನಲ್ಲಿ ಸಾನ್ ಗೇಬ್ರಿಯಲ್ ಡಿ ಬಟೊವಿ ಎಂಬ ಊರು ಹುಟ್ಟಿತು. ಜಮೀನನ್ನು ಭಾಗ ಮಾಡಿ ಹಂಚುವ ಕೆಲಸದಲ್ಲಿ ಅಜಾರಾನಿಗೆ ನೆರವಾದವನು ಹೊಸೆ ಆರ್ಟಿಗಾಸ್ ಎಂಬ 36 ವರ್ಷದ ಗಡಿಪಡೆಯ ಅಧಿಕಾರಿ. ಇವನೇ ಮುಂದೆ ಉರುಗ್ವೆಯ ರಾಷ್ಟ್ರನಾಯಕನಾದ.

ಬಟೊವಿಯಲ್ಲಿದ್ದಾಗಲೇ, 1801ರಲ್ಲಿ, ಅಜಾರಾ ರಿಯೋ ಡಿ ಲಾ ಪ್ಲಾಟಾ ಪ್ರದೇಶದ ಗ್ರಾಮೀಣ ಸ್ಥಿತಿಯನ್ನು ಕುರಿತ ವರದಿಯನ್ನು ಬರೆದ. ಈತನ ಬರಹಗಳಲ್ಲಿ ಇದು ಗಾತ್ರದಲ್ಲಿ ಚಿಕ್ಕದು, ಪರಿಣಾಮದಲ್ಲಿ ದೊಡ್ಡದು. ಇಷ್ಟು ವಿಶಾಲವಾದ ನೆಲವಿದ್ದೂ ಜನರೇಕೆ ಭೂಹೀನರು ಎಂಬುದು ಅದರ ಪ್ರಶ್ನೆ. ಅಜಾರಾ ಕೊಟ್ಟ ಉತ್ತರ ಕಚೇರಿಯ ನಡಾವಳಿಗೆ ಸಂಬಂಧಿಸಿದ್ದು. ಸರ್ಕಾರದ ನೆಲ ಬೇಕಾದವನು ದೂರದ ರಾಜಧಾನಿಯಲ್ಲಿ ಅರ್ಜಿ ಹಾಕಬೇಕು. ನ್ಯಾಯಾಧಿಕಾರಿಯೂ ಭೂಮಾಪಕನೂ ಸ್ಥಳಕ್ಕೆ ಬರುವ ಖರ್ಚನ್ನು ಕೊಡಬೇಕು. ಬೆಲೆಕಟ್ಟುವಿಕೆ, ಡಂಗುರ, ಹರಾಜು, ಪತ್ರಗಳ ಶುಲ್ಕ ಎಲ್ಲವೂ ಸೇರಿ ನೆಲದ ಬೆಲೆಯನ್ನು ಮೀರುತ್ತಿತ್ತು. ಆದ್ದರಿಂದ ಬಡವನು ಅರ್ಜಿಯನ್ನೇ ಹಾಕುತ್ತಿರಲಿಲ್ಲ. ಶ್ರೀಮಂತನು ಕಣ್ಣು ಹಾಯುವವರೆಗಿನ ನೆಲಕ್ಕೆ ಅರ್ಜಿ ಹಾಕಿ, ವ್ಯವಹಾರವನ್ನು ಮುಗಿಸದೆಯೇ ವರ್ಷಗಟ್ಟಲೆ ಅದನ್ನು ಅನುಭವಿಸುತ್ತಿದ್ದ. ಭೂಮಾಪನವೇ ಬಡವನನ್ನು ಹೊರಗಿಡುವ ಸಾಧನವಾದುದನ್ನು ಒಬ್ಬ ಭೂಮಾಪಕನೇ ಬರೆದನೆಂಬುದು ಈ ವರದಿಯ ವಿಶೇಷ. ಅಲ್ಲಿಯೇ ಮನೆ ಮಾಡಿ ನೆಲೆಸುವ ಷರತ್ತಿನ ಮೇಲೆ ಜಮೀನನ್ನು ಪುಕ್ಕಟೆಯಾಗಿ ಕೊಡಬೇಕು, ಕ್ರೈಸ್ತರಾದ ಮೂಲನಿವಾಸಿಗಳಿಗೂ ಸ್ವಾತಂತ್ರ್ಯ ಮತ್ತು ನೆಲ ದೊರೆಯಬೇಕು ಎಂದು ಆತ ಸೂಚಿಸಿದ.

ಅದೇ 1801ರಲ್ಲಿ ಪೋರ್ಚುಗೀಸರು ಬಟೊವಿಯನ್ನೂ ಏಳು ಮಿಷನ್ ಊರುಗಳನ್ನೂ ವಶಪಡಿಸಿಕೊಂಡರು. ಹೊಸ ಹಿಡುವಳಿದಾರರು ಪಡೆದ ನೆಲವನ್ನು ಒಂದು ವರ್ಷ ಪೂರ್ತಿ ಉಳಲೂ ಆಗಲಿಲ್ಲ. ಇಂದು ಆ ಸ್ಥಳ ಬ್ರೆಜಿಲ್‌ನ ರಿಯೊ ಗ್ರಾಂಡೆ ಡೊ ಸುಲ್ ರಾಜ್ಯದ ಸಾವೊ ಗೇಬ್ರಿಯಲ್ ನಗರ. ಆದರೆ ವರದಿಯ ವಿಚಾರಗಳು ಅಲ್ಲಿಗೆ ನಿಲ್ಲಲಿಲ್ಲ. 1815ರ ಸೆಪ್ಟೆಂಬರಿನಲ್ಲಿ ಆರ್ಟಿಗಾಸ್ ಹೊರಡಿಸಿದ ಭೂನಿಯಮ ಸ್ವತಂತ್ರರಾದ ಕಪ್ಪು ಜನರಿಗೂ ಮೂಲನಿವಾಸಿಗಳಿಗೂ ಬಡ ಕ್ರಿಯೋಲರಿಗೂ ಜಮೀನು ಕೊಡುವುದಕ್ಕೆ ಆದ್ಯತೆ ಕೊಟ್ಟಿತು. ಅದರಲ್ಲಿ ಬಟೊವಿಯ ಅನುಭವದ ನೆರಳನ್ನು ಇತಿಹಾಸಕಾರರು ಗುರುತಿಸುತ್ತಾರೆ.

ಯುರೋಪಿಗೆ ಮರಳಿದ್ದು

ಮತ್ತೆ ಮತ್ತೆ ಕೇಳಿಕೊಂಡ ಮೇಲೆ ಅಜಾರಾನಿಗೆ 1801ರಲ್ಲಿ ಸ್ವದೇಶಕ್ಕೆ ಮರಳಲು ಅನುಮತಿ ದೊರೆಯಿತು. ಆಗ ವಯಸ್ಸು 59. ಅಣ್ಣ ಪ್ಯಾರಿಸ್‌ನಲ್ಲಿ ರಾಯಭಾರಿಯಾಗಿದ್ದುದರಿಂದ ಅಲ್ಲಿಗೆ ಹೋದ. ಅಷ್ಟರಲ್ಲಿ ಒಂದು ವಿಚಿತ್ರ ನಡೆದುಹೋಗಿತ್ತು. ಚತುಷ್ಪಾದಿಗಳನ್ನು ಕುರಿತ ಹಸ್ತಪ್ರತಿಯನ್ನು ಮೊರೊ ಡಿ ಸೇಂಟ್-ಮೆರಿ ಎಂಬಾತ ಫ್ರೆಂಚಿಗೆ ಅನುವಾದಿಸಿ 1801ರಲ್ಲಿಯೇ ಅಚ್ಚು ಹಾಕಿಸಿದ್ದ. ಅದು ತಿದ್ದದ ಮೊದಲ ಕರಡು ಎಂದು ಅಜಾರಾ ಅಸಮಾಧಾನಗೊಂಡ. ತಾನೇ ಪರಿಷ್ಕರಿಸಿದ ಸ್ಪ್ಯಾನಿಷ್ ಆವೃತ್ತಿಯನ್ನು 1802ರಲ್ಲಿ ಎರಡು ಸಂಪುಟಗಳಲ್ಲಿಯೂ, ಹಕ್ಕಿಗಳ ಗ್ರಂಥವನ್ನು 1802ರಿಂದ 1805ರವರೆಗೆ ಮೂರು ಸಂಪುಟಗಳಲ್ಲಿಯೂ ಮ್ಯಾಡ್ರಿಡ್‌ನಲ್ಲಿ ಪ್ರಕಟಿಸಿದ.

1804ರ ಜನವರಿಯಲ್ಲಿ ಅಣ್ಣ ತೀರಿಕೊಂಡ. ನೌಕಾಪಡೆಯಲ್ಲಿ ಬ್ರಿಗೇಡಿಯರ್ ದರ್ಜೆಗೆ ಏರಿದ್ದ ಅಜಾರಾ ಸ್ಪೇನಿಗೆ ಮರಳಿ, ಅಮೆರಿಕದ ವಸಾಹತುಗಳ ರಕ್ಷಣೆಯನ್ನು ವಿಚಾರಿಸುವ ಸಮಿತಿಯಲ್ಲಿ ಕೆಲಸ ಮಾಡಿದ. 1805ರಲ್ಲಿ ಪ್ರಸಿದ್ಧ ಚಿತ್ರಕಾರ ಗೋಯಾ ಈತನ ಭಾವಚಿತ್ರವನ್ನು ಬರೆದ. ನೌಕಾಪಡೆಯ ಸಮವಸ್ತ್ರ, ಕೈಯಲ್ಲಿ ಕಾಗದ, ಹಿಂದೆ ಪ್ರಾಣಿ ಪಕ್ಷಿಗಳ ಮಾದರಿಗಳಿರುವ ಆ ಚಿತ್ರ ಈಗ ಸರಗೋಸಾ ನಗರದ ಗೋಯಾ ವಸ್ತುಸಂಗ್ರಹಾಲಯದಲ್ಲಿದೆ. ಅನಂತರ ಅಜಾರಾ ಹುಟ್ಟೂರಿನ ಕಡೆ ಹೋಗಿ ನೆಲೆಸಿದ. ಏಳನೆಯ ಫರ್ಡಿನಾಂಡನ ನಿರಂಕುಶ ಆಳ್ವಿಕೆಯನ್ನು ಮೆಚ್ಚದೆ 1815ರಲ್ಲಿ ತನಗೆ ಬಂದ ರಾಜಗೌರವವನ್ನು ನಿರಾಕರಿಸಿದನೆಂದು ಜೀವನಚರಿತ್ರೆಗಳು ಹೇಳುತ್ತವೆ. ಮದುವೆಯಾಗಿರಲಿಲ್ಲ. 1821ರಲ್ಲಿ ತೀರಿಕೊಂಡಾಗ ಶವವನ್ನು ಹುಯೆಸ್ಕಾದ ಪ್ರಧಾನ ಇಗರ್ಜಿಯಲ್ಲಿ ಸಮಾಧಿ ಮಾಡಲಾಯಿತು.

ಕಾಗದಪತ್ರಗಳ ಮುಂದಿನ ಕಥೆ

ಅಜಾರಾ ಒಂದೇ ವಿಷಯವನ್ನು ಹಲವು ಸಲ ತಿದ್ದಿ ಬರೆಯುತ್ತಿದ್ದ. ಪ್ರತಿಗಳನ್ನು ಬೇರೆ ಬೇರೆ ಕಡೆ ಕೊಡುತ್ತಿದ್ದ. ಇದರಿಂದ ಈತನ ಬರಹಗಳು ಮ್ಯಾಡ್ರಿಡ್, ಅಸುನ್ಸಿಯೋನ್, ಬ್ಯೂನಸ್ ಐರಿಸ್, ಮಾಂಟೆವಿಡಿಯೊ ನಗರಗಳಲ್ಲಿ ಚದುರಿಹೋದವು. 1809ರಲ್ಲಿ ವಾಲ್ಕೆನೇರ್ ಎಂಬ ವಿದ್ವಾಂಸ ಪ್ಯಾರಿಸ್‌ನಲ್ಲಿ ಈತನ ಪ್ರವಾಸಗ್ರಂಥವನ್ನು ನಾಲ್ಕು ಸಂಪುಟಗಳಲ್ಲಿ ನಕಾಶೆಗಳೊಡನೆ ಫ್ರೆಂಚಿನಲ್ಲಿ ಪ್ರಕಟಿಸಿದ. ಕ್ಯೂವಿಯರ್ ಅದಕ್ಕೆ ಟಿಪ್ಪಣಿ ಬರೆದ. ಹಕ್ಕಿಗಳ ಭಾಗವನ್ನು ಸೊನ್ನೀನಿ ಅನುವಾದಿಸಿದ. ಆಗ ಫ್ರಾನ್ಸ್ ಮತ್ತು ಸ್ಪೇನ್ ಘೋರ ಯುದ್ಧದಲ್ಲಿದ್ದವು. ಸರಗೋಸಾ ನಗರ ಆ ವರ್ಷವೇ ಫ್ರೆಂಚರ ವಶವಾಗಿತ್ತು. ಯುರೋಪು ಅಜಾರಾನನ್ನು ಅರಿತದ್ದು ಶತ್ರುದೇಶದ ಭಾಷೆಯ ಈ ಪುಸ್ತಕದಿಂದಲೇ.

1806ರಲ್ಲಿ ಸ್ಪ್ಯಾನಿಷ್‌ನಲ್ಲಿ ಬರೆದು ಮುಗಿಸಿದ್ದ ಪರಾಗ್ವೆ ಮತ್ತು ರಿಯೋ ಡಿ ಲಾ ಪ್ಲಾಟಾಗಳ ವಿವರಣೆ ಮತ್ತು ಇತಿಹಾಸ ಮನೆಯಲ್ಲಿಯೇ ಉಳಿದಿತ್ತು. ಸೋದರನ ಮಗ ಅಗುಸ್ಟಿನ್ ಅದನ್ನು 1847ರಲ್ಲಿ ಮ್ಯಾಡ್ರಿಡ್‌ನಲ್ಲಿ ಅಚ್ಚು ಹಾಕಿಸಿದ. ಬ್ಯೂನಸ್ ಐರಿಸ್‌ನಲ್ಲಿ ನೆಲೆಸಿದ್ದ, ಇಟಲಿ ಮೂಲದ ಪೆಡ್ರೊ ಡಿ ಆಂಜೆಲಿಸ್ ಹಳೆಯ ಸರ್ಕಾರಿ ಕಾಗದಗಳನ್ನು ಕೂಡಿಹಾಕಿ, 1796ರ ಗಡಿಠಾಣೆಗಳ ದಿನಚರಿಯನ್ನು 1837ರಲ್ಲಿ ಹೊರತಂದ. ಆಂಜೆಲಿಸ್‌ನ ಸಂಗ್ರಹವನ್ನು 1853ರಲ್ಲಿ ಬ್ರೆಜಿಲ್ ಸರ್ಕಾರ ಕೊಂಡುಕೊಂಡಿತು. ಈಗ ಅದು ರಿಯೋ ಡಿ ಜನೈರೊದ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. 1873ರಲ್ಲಿ ಬಾರ್ಟೊಲೊಮೆ ಮಿತ್ರೆಯ ಮುನ್ನುಡಿಯೊಡನೆ ಅಪ್ರಕಟಿತ ಪ್ರವಾಸ ದಿನಚರಿಗಳು ಬೆಳಕು ಕಂಡವು. 1790ರ ಭೂಗೋಳದ ಹಸ್ತಪ್ರತಿ ಮಾಂಟೆವಿಡಿಯೊದಲ್ಲಿ ಸಿಕ್ಕಿ, ರೊಡಾಲ್ಫೊ ಶುಲ್ಲರ್‌ನ ಸಂಪಾದಕತ್ವದಲ್ಲಿ 1904ರಲ್ಲಿ, ಅಂದರೆ ಬರೆದ 114 ವರ್ಷಗಳ ಮೇಲೆ, ಪ್ರಕಟವಾಯಿತು.

ಸ್ವತಂತ್ರವಾದ ಹೊಸ ದೇಶಗಳಿಗೆ ಈ ಕಾಗದಗಳು ಬರಿಯ ಹಳೆಯ ಬರಹಗಳಾಗಿರಲಿಲ್ಲ. ಗಡಿ ಆಯೋಗದವರ ನಕಾಶೆ ಮತ್ತು ದಿನಚರಿಗಳನ್ನು ಅರ್ಜೆಂಟೀನಾ, ಬ್ರೆಜಿಲ್, ಪರಾಗ್ವೆಗಳು ತಂತಮ್ಮ ಹಕ್ಕಿನ ಸಾಕ್ಷಿಗಳಾಗಿ ಮುಂದಿಟ್ಟವು. ಪರಾಗ್ವೆ ಮತ್ತು ಬ್ರೆಜಿಲ್‌ಗಳ ನಡುವೆ ಆಪಾ ನದಿ ಗಡಿಯಾಗಿ ನಿಂತದ್ದು ಒಂದು ಭೀಕರ ಯುದ್ಧದ ಬಳಿಕ, 1872ರ ಒಪ್ಪಂದದಲ್ಲಿ. ಅರ್ಜೆಂಟೀನಾ ಮತ್ತು ಬ್ರೆಜಿಲ್‌ಗಳ ಮಿಸಿಯೋನೆಸ್ ವ್ಯಾಜ್ಯ ಅಮೆರಿಕದ ಅಧ್ಯಕ್ಷ ಕ್ಲೀವ್‌ಲ್ಯಾಂಡ್‌ನ ಪಂಚಾಯಿತಿಗೆ ಹೋಗಿ 1895ರಲ್ಲಿ ಬ್ರೆಜಿಲ್ ಪರವಾಗಿ ತೀರ್ಮಾನವಾಯಿತು. ಅಲ್ಲಿಯೂ ವಿವಾದ ನದಿಗಳ ಗುರುತನ್ನೇ ಕುರಿತದ್ದಾಗಿತ್ತು.

ಹೆಸರಿನಲ್ಲಿ ಉಳಿದದ್ದು

ರಾತ್ರಿ ಸಂಚರಿಸುವ ಒಂದು ಬಗೆಯ ಕೋತಿ, ಅಗೂಟಿ ಎಂಬ ದಂಶಕ ಪ್ರಾಣಿಯ ಒಂದು ಜಾತಿ, ಸ್ಪೈನ್‌ಟೇಲ್ ಎಂಬ ಸಣ್ಣ ಹಕ್ಕಿಯೊಂದು ಲ್ಯಾಟಿನ್ನಿನಲ್ಲಿ ಅಜಾರಾನ ಹೆಸರನ್ನು ಹೊತ್ತಿವೆ. ಅರ್ಜೆಂಟೀನಾದ ಮಿಸಿಯೋನೆಸ್ ಪ್ರಾಂತದಲ್ಲಿ ಅಜಾರಾ ಎಂಬ ಊರಿದೆ. ಚಂದ್ರನ ಮೇಲಿನ ಒಂದು ದಿಣ್ಣೆಸಾಲಿಗೂ ಈತನ ಹೆಸರಿಡಲಾಗಿದೆ. ದಕ್ಷಿಣ ಅಮೆರಿಕದ ಅಜಾರಾ ಎಂಬ ಗಿಡಗಳ ಕುಲವನ್ನು ಕೆಲವರು ಈತನದೇ ಸ್ಮಾರಕವೆಂದು ತಿಳಿಯುವುದುಂಟು; ಅದು ಅಣ್ಣ ಹೊಸೆ ನಿಕೊಲಾಸನ ಗೌರವಾರ್ಥವಾಗಿ ಇಟ್ಟ ಹೆಸರು.